ವಿಲ್ಫ್ ತಾತನ ಕಿವಿಮಾತು

ಹುಡುಗ ಎಷ್ಟು ಜೋರಾಗಿ ಓಡುತ್ತಾನೆಂದು ವಿಲ್ಫ್ ತಾತ ಎಂದೂ ನೋಡಿದವನಲ್ಲ. ಓಡುವ ಹುಡುಗರು ಯಾರ್ಕ್‌ಶೈರಿನ ಓಣಿ ಓಣಿಯಲ್ಲೂ ಸಿಗುತ್ತಾರೆ. ನೆಲಕ್ಕೆ ಕೆಡವಿಸಿಕೊಂಡ ಮೇಲೆ ಹುಡುಗ ಹೇಗೆ ಏಳುತ್ತಾನೆ ಎಂಬುದರ ಮೇಲೆಯೇ ತಾತನ ಕಣ್ಣು. ಮುಚ್ಚಿದ ಗಣಿಯ ಹಿಂದಿನ ಕೆಸರು ಮೈದಾನದಲ್ಲಿ ಪೋರನಾಗಿದ್ದ ರೀಸ್‌ನನ್ನು ಹೆಕ್ಕಿ ತೆಗೆದದ್ದೂ ಹಾಗೆಯೇ. ತನ್ನ ಎರಡರಷ್ಟು ತೂಕದವನ ಕೆಳಗಿಂದ ರೀಸ್ ನಗುತ್ತಾ ಎದ್ದು ಬಂದಿದ್ದ. ಅಂದೇ ವಿಲ್ಫ್ ಕ್ಲಬ್ಬಿಗೆ ಫೋನು ಮಾಡಿ, "ಒಬ್ಬ ಸಿಕ್ಕಿದಾನೆ" ಎಂದಿದ್ದ.

ರಗ್ಬಿ ಲೀಗ್ ಕ್ಲಬ್ಬಿನ ಎಳೆಯರ ತಂಡಗಳಿಗೆ ಹುಡುಗರನ್ನು ಹುಡುಕಿ ತರುವುದೇ ವಿಲ್ಫ್‌ನ ಬದುಕು. ಹೆಂಡತಿ ಮೇವಿಸ್ ಕಳೆದ ಚಳಿಗಾಲದಲ್ಲಿ ತೀರಿಕೊಂಡ ಮೇಲಂತೂ ಬೇರೆ ಬದುಕೇ ಉಳಿದಿರಲಿಲ್ಲ. ಅವಳ ಶವಪೆಟ್ಟಿಗೆಗೆ ಮುಂದಿನಿಂದ ಹೆಗಲು ಕೊಟ್ಟವನು ಡ್ಯಾರೆನ್. ಒಂದು ಕಾಲಕ್ಕೆ ಅವನೂ ವಿಲ್ಫ್ ಹುಡುಕಿ ತಂದ ಹುಡುಗನೇ. ದೊಡ್ಡ ತಂಡದಲ್ಲಿ ವರ್ಷಗಟ್ಟಲೆ ಆಡಿ, ಈಗ ಹದಿನೆಂಟರೊಳಗಿನವರಿಗೆ ಕೋಚ್ ಆಗಿದ್ದ.

ಆ ಶನಿವಾರದ ಪಂದ್ಯ ನೋಡಲು ದೊಡ್ಡ ತಂಡದ ಮುಖ್ಯ ಕೋಚೇ ಬರುವವನಿದ್ದ. ರೀಸ್ ಚೆನ್ನಾಗಿ ಆಡಿದರೆ ಸಂಜೆಯೊಳಗೆ ಅವನ ಕರಾರಿಗೆ ಸಹಿ. ವಿಲ್ಫ್ ಬೆಳಿಗ್ಗೆಯೇ ಗಡ್ಡ ಹೆರೆದು, ಮದುವೆ ಮನೆಗೆ ಹೊರಟವನಂತೆ ಟೈ ಕಟ್ಟಿಕೊಂಡು ಬಂದಿದ್ದ.

ಗೇಟಿನ ಬಳಿ ಡ್ಯಾರೆನ್ ಜೇಬು ತಡಕುತ್ತಿದ್ದ. "ಯಜಮಾನ್ರೇ, ನನ್ನ ಸೀಟಿ ನೋಡಿದ್ರಾ?"

"ಕೋಚ್, ಕುತ್ತಿಗೆ ನೋಡ್ಕೊಳ್ಳಿ!" ಎಂದು ಹುಡುಗರು ಕೂಗಿದರು. ಸೀಟಿ ಎದೆಯ ಮೇಲೆ ನೇತಾಡುತ್ತಿತ್ತು. ಡ್ಯಾರೆನ್‌ನ ಮರೆವು ಕ್ಲಬ್ಬಿಗೆಲ್ಲ ತಮಾಷೆಯ ಸಂಗತಿ. ಎಲ್ಲರೂ ಗೊಳ್ಳೆಂದು ನಕ್ಕರು, ವಿಲ್ಫ್ ಕೂಡ.

ಚಹಾ ಗುಡಿಸಲಿನ ಹಿಂದೆ ಯಾರೋ ಓಕರಿಸುವ ಸದ್ದು ಕೇಳಿ ವಿಲ್ಫ್ ಹೋಗಿ ನೋಡಿದರೆ, ರೀಸ್. ಪ್ರತಿ ಪಂದ್ಯದ ಮುಂಚೆ ಅವನು ತಪ್ಪದೆ ತಿನ್ನುವ ಬೇಕನ್ ಬನ್ನು ಹಾಗೇ ಕಟ್ಟೆಯ ಮೇಲಿತ್ತು.

"ಏನೋ ಇದು?"

"ಏನಿಲ್ಲ ತಾತ, ಟೆನ್ಷನ್ನು." ರೀಸ್ ಬಾಯಿ ಒರೆಸಿಕೊಂಡ. ಬಿಸಿಲೇನೂ ಇರಲಿಲ್ಲ, ಆದರೂ ಕಣ್ಣು ಕಿರಿದು ಮಾಡಿದ್ದ. "ಇವತ್ತು ಯಾರ ಜೊತೆ ಮ್ಯಾಚು?"

ವಿಲ್ಫ್ ಹೇಳಿದ. ಹುಡುಗ ಬಗ್ಗಿ ಬೂಟಿನ ದಾರ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ತಲೆಯೆತ್ತಿ ಕೇಳಿದ, "ಇವತ್ತು ಯಾರ ಜೊತೆ ತಾತ?"

ವಿಲ್ಫ್ ಹುಡುಗನ ಕಿವಿಯತ್ತ ನೋಡಿದ. ಗುರುವಾರದ ಅಭ್ಯಾಸದಲ್ಲಿ ಯಾರದೋ ಮೊಣಕಾಲು ರೀಸ್‌ನ ಕಿವಿಯ ಮೇಲೆ ಬಡಿದಿತ್ತು. ಫಿಸಿಯೋ ಬೆತನಿ ಅವನನ್ನು ಪರೀಕ್ಷೆಗೆ ಕೂರಿಸಿ, ಸರಿಯಿದ್ದಾನೆ ಎಂದಿದ್ದಳು.

"ಬೆತನಿ ಟೆಸ್ಟು ಪಾಸಾದೆ ಅಂದ್ಯಲ್ಲೋ?"

"ಪಾಸಾದೆ ತಾತ. ನೀವೇ ಹೇಳ್ಕೊಟ್ಟಿದ್ರಲ್ಲ!" ಎಂದು ರೀಸ್ ಕಣ್ಣು ಹೊಡೆದ.

ಹೌದು, ಹೇಳಿಕೊಟ್ಟಿದ್ದು ಅವನೇ. ಸೀಸನ್ನಿಗೆ ಮುಂಚೆ ಹುಡುಗರನ್ನೆಲ್ಲ ಕಂಪ್ಯೂಟರಿನ ಮುಂದೆ ಕೂರಿಸಿ, ಪದಗಳನ್ನು ನೆನಪಿಡಿಸಿ, ಬಣ್ಣ ಕಂಡೊಡನೆ ಗುಂಡಿ ಒತ್ತಿಸಿ ಅಂಕ ಹಾಕುತ್ತಾರೆ. ಆಮೇಲೆ ತಲೆಗೆ ಪೆಟ್ಟು ಬಿದ್ದರೆ ಮತ್ತೆ ಅದೇ ಪರೀಕ್ಷೆ. ಅಂಕ ಇಳಿದಿದ್ದರೆ ವಾರಗಟ್ಟಲೆ ಆಟವಿಲ್ಲ, ಅಷ್ಟರಲ್ಲಿ ಜಾಗ ಇನ್ನೊಬ್ಬನ ಪಾಲು. ಅದಕ್ಕೇ ವಿಲ್ಫ್ ತಾನು ತಂದ ಪ್ರತಿ ಹುಡುಗನನ್ನೂ ಗೇಟಿನ ಬಳಿ ನಿಲ್ಲಿಸಿ, ಹೆಗಲ ಮೇಲೆ ಕೈಯಿಟ್ಟು ಹೇಳುತ್ತಿದ್ದ: "ಮೊದಲನೇ ಸಲ ಸ್ವಲ್ಪ ದಡ್ಡನ ಥರ ಆಡು. ಗುಂಡಿ ನಿಧಾನ ಒತ್ತು. ಆಮೇಲೆ ಯಾವನೂ ನಿನ್ನ ಹೊರಗೆ ಕೂರಿಸೋಕಾಗಲ್ಲ." ಮೊಮ್ಮಗನಿಗೆ ಮಿಠಾಯಿ ಕೊಟ್ಟಂತೆ ಅದನ್ನು ಕೊಟ್ಟಿದ್ದ. ಎಂಥ ಪ್ರೀತಿ! ಅವನಿಗೆ ಈಗ ತನ್ನ ಮೇಲೆಯೇ ಹೇಸಿಗೆಯಾಯಿತು.

ಹೇಳಿದರೆ ಹುಡುಗನ ಕರಾರು ಕೈತಪ್ಪುತ್ತದೆ. ತನ್ನನ್ನೂ ಈ ಗೇಟಿನೊಳಗೆ ಬಿಡುವುದಿಲ್ಲ. ಹೇಳದಿದ್ದರೆ? ಎಂಬತ್ತೇ ನಿಮಿಷದ ಆಟ, ದೇವರಿದ್ದಾನೆ ಎಂದುಕೊಂಡ. ಅಷ್ಟರಲ್ಲಿ ರೀಸ್ ಎದ್ದವನು ಮುಗ್ಗರಿಸಿ, ಗೋಡೆ ಹಿಡಿದುಕೊಂಡು ನಿಂತ. ಬಿದ್ದ ಮೇಲೆ ಏಳುವುದನ್ನೇ ಜೀವಮಾನವಿಡೀ ನೋಡಿದ ಕಣ್ಣಿಗೆ ಇನ್ನೇನೂ ಬೇಕಿರಲಿಲ್ಲ. ವಿಲ್ಫ್ ನೇರ ಡ್ಯಾರೆನ್‌ನ ಬಳಿ ಹೋದ.

"ರೀಸ್‌ನ ಇಳಿಸ್ಬೇಡ. ತಲೆ ಸರಿಯಿಲ್ಲ ಅವನದು."

"ಟೆಸ್ಟು ಪಾಸಾಗಿದಾನಲ್ಲ?"

"ಮೊದಲನೇ ಟೆಸ್ಟೇ ಸುಳ್ಳು. ಬೇಕಂತಲೇ ಕೆಟ್ಟದಾಗಿ ಮಾಡಿದ್ದು. ಮಾಡ್ಸಿದ್ದು ನಾನು. ಅವನೊಬ್ಬನ ಹತ್ರ ಅಲ್ಲ, ನಾನು ತಂದ ಎಲ್ಲರ ಹತ್ರ."

ಡ್ಯಾರೆನ್ ಬೈಯಲಿಲ್ಲ. ಬೆತನಿಯನ್ನು ಕೂಗಿ, "ರೀಸ್‌ನ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗು. ತಾತ ತಂದ ಬೇರೆ ಹುಡುಗರೂ ಇವತ್ತು ಆಡೋದು ಬೇಡ" ಎಂದ. ಬೆತನಿ ವಿಲ್ಫ್‌ನತ್ತ ಒಮ್ಮೆ ನೋಡಿದಳು. ಅದಕ್ಕಿಂತ ಕಪಾಳಕ್ಕೆ ಬಾರಿಸಿದ್ದರೆ ವಾಸಿಯಿತ್ತು.

ರೀಸ್ ಕಾರಿನ ಬಾಗಿಲು ಹಿಡಿದು ಅಳುತ್ತಾ ಕಿರುಚಿದ, "ನೀವೇ ಹೇಳ್ಕೊಟ್ಟು ನೀವೇ ಹಿಡ್ಕೊಟ್ರಾ? ಇವತ್ತೊಂದಿನ ಸುಮ್ನಿರಕ್ಕಾಗಲಿಲ್ವಾ ನಿಮ್ಗೆ?"

ವಿಲ್ಫ್ ಅವನನ್ನು ಒಳಗೆ ಕೂರಿಸಿ, ಬಾಗಿಲು ಹಾಕಿ, ಗೇಟಿನತ್ತ ನಡೆದ.

ಡ್ಯಾರೆನ್ ಹತ್ತಿರ ಬಂದು ಅವನ ಭುಜ ಹಿಡಿದ. "ಬೇಜಾರು ಮಾಡ್ಕೋಬೇಡಿ ಯಜಮಾನ್ರೇ. ನನಗೂ ಇದೇ ಗೇಟಲ್ಲಿ ಹೇಳಿದ್ರಿ, ನೆನಪಿದ್ಯಾ? ಎಷ್ಟು ಸಲ ಏಟು ತಿಂದೆ, ಒಂದು ಸಲಾನೂ ಹೊರಗೆ ಕೂತಿಲ್ಲ. ನಿಮ್ಮಿಂದಾನೇ ಅಷ್ಟು ವರ್ಷ ಆಡಿದ್ದು ನಾನು." ಅವನ ಮುಖದಲ್ಲಿ ನಿಜವಾದ ಕೃತಜ್ಞತೆಯಿತ್ತು. ಮೈದಾನದತ್ತ ಹೊರಟವನು ಮತ್ತೆ ತಿರುಗಿದ. "ಅಂದ ಹಾಗೆ, ಭಾನುವಾರ ಊಟಕ್ಕೆ ಬರ್ತೀನಿ ಅಂತ ಮೇವಿಸ್ ಅಮ್ಮಂಗೆ ಹೇಳಿ. ಅವರನ್ನ ನೋಡಿ ಬಹಳ ದಿನ ಆಯ್ತು."

ಸೀಟಿ ಅವನ ಎದೆಯ ಮೇಲೇ ಇತ್ತು. ಅವನು ಮತ್ತೆ ಜೇಬು ತಡಕತೊಡಗಿದ್ದ. ಆ ಕಡೆ ಯಾರೋ ಹುಡುಗ ನಕ್ಕ.

ವಿಲ್ಫ್ ಓಡಿಹೋಗಿ ಬೆತನಿಯ ಕಾರಿನ ಕಿಟಕಿ ಬಡಿದ. ಅವಳು ಗಾಜು ಇಳಿಸಿದಳು.

"ಸ್ವಲ್ಪ ನಿಲ್ಲಮ್ಮ" ಎಂದ. ಜೇಬು ತಡಕುತ್ತಿದ್ದ ಡ್ಯಾರೆನ್‌ನತ್ತ ತಿರುಗಿ ನೋಡಿದ. "ಹಿಂದಿನ ಸೀಟಲ್ಲಿ ಇನ್ನೊಬ್ಬನಿಗೆ ಜಾಗ ಇದ್ಯಾ?"