ಕೇಳಿಸಿದರೆ ಒತ್ತಿ

ಚಳಿ ಪೂರ್ತಿ ಬಿಟ್ಟಿರಲಿಲ್ಲ, ಬಿಸಿಲು ಇನ್ನೂ ಮೈಗೆ ಹತ್ತಿರಲಿಲ್ಲ. ಅಂಥ ಒಂದು ಮಂಗಳವಾರ, ಬೆಳಗ್ಗೆ ಏಳು ಗಂಟೆಗೆ, ದೇವರು ಅವನೊಂದಿಗೆ ಮಾತಾಡಿದ. ಎರಡೇ ಪದ. ಇಲ್ಲೇ ಇರು.

ಕೇಳಿಸಿದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಕಿವಿ ಪರೀಕ್ಷೆ ಮಾಡುವ ಡಬ್ಬಿಯೊಳಗೆ. ಡಬ್ಬಿಯೆಂದರೆ ಒಬ್ಬ ಮನುಷ್ಯ ಕೂರುವಷ್ಟು ಕೋಣೆ. ಗೋಡೆ ಒಂದು ಗೇಣು ದಪ್ಪ, ಬಾಗಿಲು ಎರಡು. ಹೊರಗೆ ಆಕಾಶ ಕಳಚಿ ಬಿದ್ದರೂ ಒಳಗೆ ಗೊತ್ತಾಗದು. ಹಗಲು ಹೊತ್ತು ಅದರೊಳಗೆ ಕಿವಿ ಮಂದವಾದವರು ಹೆಡ್‌ಫೋನ್ ಹಾಕಿಕೊಂಡು, ಕೈಯಲ್ಲೊಂದು ಗುಂಡಿ ಹಿಡಿದು ಕೂರುತ್ತಾರೆ. ಕೇಳಿಸಿದರೆ ಒತ್ತಬೇಕು. ಒತ್ತಿದರೆ ಹೊರಗೆ ಅವನ ಮೇಜಿನ ಮೇಲಿನ ಮಷೀನಿನಲ್ಲಿ ಹಸಿರು ದೀಪ ಹತ್ತುತ್ತದೆ. ಹದಿನಾರು ವರ್ಷದಿಂದ ಅವನ ಕೆಲಸ ಅದೇ. ಬೀಪ್ ಕಳಿಸುವುದು, ದೀಪ ನೋಡುವುದು.

ಒಂದು ತಿಂಗಳಿಂದ ಬೇಗ ಬಂದು ತಾನೇ ಒಳಗೆ ಕೂರುತ್ತಿದ್ದ. ಪ್ರಶ್ನೆ ಒಂದೇ. ಹೆಂಡತಿಗೆ ಸಮುದ್ರದ ಪಕ್ಕದ ಊರಲ್ಲಿ ಈಜು ಕಲಿಸುವ ಕೆಲಸ ಸಿಕ್ಕಿತ್ತು. ಗುರುವಾರದ ರೈಲಿಗೆ ಎರಡು ಟಿಕೆಟ್ ಮಾಡಿಸಿದ್ದಳು. ಬರುತ್ತೀರೋ ಇಲ್ಲವೋ, ಬಾರದಿದ್ದರೆ ಆಮೇಲೆ ಬರುವುದೂ ಬೇಡ ಎಂದಿದ್ದಳು. ದೇವರನ್ನು ಕೇಳಿ ಹೇಳುತ್ತೇನೆ ಎಂದಿದ್ದ. ಅವಳು ನಕ್ಕು, ಅವನಿಗೂ ಗುರುವಾರವೇ ಗಡುವು ಅಂತ ತಿಳಿಸಿಬಿಡಿ ಎಂದಿದ್ದಳು.

ಅವನ ಅಜ್ಜಿಗೆ ಇದೆಲ್ಲ ನೀರು ಕುಡಿದಷ್ಟು ಸಲೀಸಾಗಿತ್ತು. ಒಲೆಯ ಮುಂದೆ ಕೂತು ಏನೋ ಕೇಳುವಳು, ತಲೆಯಾಡಿಸುವಳು, "ಆಯ್ತು ಬಿಡಪ್ಪ, ಹಾಗೇ ಮಾಡ್ತೀನಿ" ಎಂದು ಎದ್ದು ಹಾಗೇ ಮಾಡುವಳು. ಮೊಮ್ಮಗ ಓದಿದವನು. ಅಳತೆ ಹಾಕದೆ ಏನನ್ನೂ ನಂಬುವವನಲ್ಲ.

ಅವತ್ತು ಹೆಡ್‌ಫೋನಿನಲ್ಲಿ ಮಷೀನಿನ ಗುಂಯ್ ಸದ್ದು ಬರುತ್ತಿದೆಯೆಂದು ವೈರನ್ನು ಗೋಡೆಯಿಂದ ಕಿತ್ತು, ಬರೀ ಮುಚ್ಚಳದ ಹಾಗೆ ಕಿವಿಗೆ ಹಾಕಿಕೊಂಡ. ಮೊದಲು ತನ್ನದೇ ನೆತ್ತರು ಹರಿಯುವುದು ಕೇಳಿಸಿತು. ಆಮೇಲೆ ಹೊಟ್ಟೆ. ಆಮೇಲೆ ದೇವರು.

ಹೊರಗೆ ಬಂದವನೇ ಹೆಂಡತಿಗೆ ಫೋನು ಮಾಡಿದ.

"ಕೇಳಿಸ್ತು. ಇಲ್ಲೇ ಇರು ಅಂತ."

"ದನಿ ಹೇಗಿತ್ತು?"

"ಅಂದ್ರೆ?"

"ಸುಮ್ನೆ ಕೇಳ್ದೆ."

ಅವನು ಮೂಗೊರೆಸಿಕೊಂಡ. ದೇವರಿಗೂ ತನ್ನ ಹಾಗೇ ನೆಗಡಿಯಾದಂತಿತ್ತು ಎಂಬುದನ್ನು ಹೇಳಲಿಲ್ಲ.

"ಸರಿ ಬಿಡಿ," ಎಂದಳು. "ನಿಮ್ಮ ಟಿಕೆಟ್ ವಾಪಸ್ ಮಾಡ್ತೀನಿ."

ಇಷ್ಟು ಬೇಗ ಮುಗಿಯುತ್ತದೆಂದು ಅವನು ಎಣಿಸಿರಲಿಲ್ಲ. ಮನಸ್ಸು ಹಗುರಾಯಿತು. ಸಿಳ್ಳೆ ಹಾಕುತ್ತ ಮೇಜು ಒರೆಸಿದ.

ಹತ್ತು ಗಂಟೆಗೆ ಒಬ್ಬ ಮುದುಕ ಬಂದ. ಮುದ್ರಣಾಲಯದಲ್ಲಿ ನಲವತ್ತು ವರ್ಷ ಮಷೀನು ನಡೆಸಿ ಕಿವಿ ಕಳೆದುಕೊಂಡವನು. ಕರೆತಂದ ಸೊಸೆ, ಕೂಗಿ ಕೂಗಿ ನನ್ನ ಗಂಟಲೇ ಹೋಯಿತು ಎಂದು ದೂರಿದಳು. ಮುದುಕ ಇಸ್ತ್ರಿ ಮಾಡಿದ ಷರಟಿನಲ್ಲಿ, ಬೆನ್ನು ನೆಟ್ಟಗೆ ಮಾಡಿ, ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ಕಣ್ಣು ಮುಚ್ಚಿ ಕೂತ.

ದೀಪ ಹತ್ತಿತು. ಅವನು ಸದ್ದು ತಗ್ಗಿಸಿದ. ಹತ್ತಿತು. ಇನ್ನೂ ತಗ್ಗಿಸಿದ. ಮತ್ತೂ ಹತ್ತಿತು. ಇಪ್ಪತ್ತೆರಡು ಸಲ. ನಾಯಿಗೂ ಕೇಳಿಸದ ಮಟ್ಟಕ್ಕೆ ಬಂದಾಗ ಅವನಿಗೆ ಅನುಮಾನ ಬಂದು ಬಾಗಿಲು ತೆಗೆದ. ಹೆಡ್‌ಫೋನಿನ ವೈರಿನ ತುದಿ ಮುದುಕನ ಮೊಣಕಾಲ ಪಕ್ಕ ನೇತಾಡುತ್ತಿತ್ತು. ಬೆಳಗ್ಗೆ ತಾನೇ ಕಿತ್ತದ್ದು. ಸಿಕ್ಕಿಸಲು ಮರೆತದ್ದು.

ಒಂದು ಬೀಪೂ ಒಳಗೆ ಹೋಗಿರಲಿಲ್ಲ.

ಏನು ಕೇಳಿಸಿತು ಎಂದು ಚೀಟಿಯಲ್ಲಿ ಬರೆದು ತೋರಿಸಿದ.

"ಸಣ್ಣಗೆ," ಎಂದ ಮುದುಕ, ಕೋಣೆ ತುಂಬುವ ದನಿಯಲ್ಲಿ. "ಬಹಳ ಸಣ್ಣಗೆ. ಅಷ್ಟು ಹೊತ್ತು ಕಾದು ಕೂತವನಿಗೆ ಏನೂ ಕೇಳಿಸದೆ ಇರತ್ತೇನಪ್ಪ?"

"ನಾನು ಕೂಗಿದ್ದು ಮಾತ್ರ ಕೇಳ್ಸಲ್ಲ ಇವ್ರಿಗೆ," ಎಂದಳು ಸೊಸೆ.

ಅವನು ನಕ್ಕ. ವೈರು ಸಿಕ್ಕಿಸಿ ಪರೀಕ್ಷೆ ಮತ್ತೆ ಮೊದಲಿಂದ ಮಾಡಿದ. ಈ ಸಲ ಎಷ್ಟು ದೊಡ್ಡ ಸದ್ದು ಕಳಿಸಿದರೂ ದೀಪ ತನಗೆ ತೋಚಿದಾಗಲೇ ಹತ್ತಿತು.

ಮಧ್ಯಾಹ್ನ ಎರಡು ಸಲ ಫೋನು ಕೈಗೆತ್ತಿಕೊಂಡ. ಏನೆನ್ನುವುದು? ವೈರು ಕಿತ್ತಿತ್ತು ಎನ್ನುವುದೇ? ಅದಕ್ಕಿಂತ ಚುಚ್ಚುತ್ತಿದ್ದದ್ದು ಇನ್ನೊಂದು. ಆ ಎರಡು ಪದ ಕೇಳಿಸಿದಾಗ ತನಗಾದದ್ದು ಭಯವಲ್ಲ, ಭಕ್ತಿಯೂ ಅಲ್ಲ. ರಜೆ ಮಂಜೂರಾದ ಗುಮಾಸ್ತನ ಸಮಾಧಾನ.

ಸಂಜೆ ಹೆಂಡತಿ ಸೂಟ್‌ಕೇಸ್ ತುಂಬುತ್ತಿದ್ದಳು. ಅವನು ಮಂಚದ ತುದಿಯಲ್ಲಿ ಕೂತ.

"ಇವತ್ತು ಒಬ್ರು ಬಂದಿದ್ರು."

"ಹೂಂ."

"ಗುಂಡಿ ಒತ್ತುತ್ತಾನೇ ಇದ್ರು."

ಅವಳು ಕೈ ನಿಲ್ಲಿಸಿ ಕಾದಳು. ಕೊಳದ ದಂಡೆಯಲ್ಲಿ, ಹೆದರಿದವರು ತಾವಾಗೇ ನೀರಿಗಿಳಿಯಲಿ ಎಂದು ಕಾಯುವ ಹಾಗೆ.

"ಆಮೇಲೆ?"

"ಏನಿಲ್ಲ. ಕಿವಿ ಕೇಳಲ್ಲ, ಪಾಪ."

ಅವಳು ಜಿಪ್ಪು ಎಳೆದಳು.

ಬುಧವಾರವೂ ಕಳೆಯಿತು. ರೈಲು ಬೆಳಗ್ಗೆ ಏಳಕ್ಕೆ. ನಿಲ್ದಾಣದವರೆಗೆ ಬರುತ್ತೇನೆಂದ. ಬೇಡ, ನಿಮ್ಮ ಪ್ರಾರ್ಥನೆಗೆ ಹೊತ್ತಾಗುತ್ತದೆ ಎಂದಳು, ಕುಹಕವೇನೂ ಇಲ್ಲದೆ. ಅವನು ನೆಲಮಾಳಿಗೆಗೆ ಹೋದ. ಮಷೀನು ಹಚ್ಚಿ, ವೈರು ಸಿಕ್ಕಿಸಿದೆಯೋ ಎಂದು ಎರಡು ಸಲ ನೋಡಿ, ಎರಡೂ ಬಾಗಿಲು ಹಾಕಿಕೊಂಡ. ಬೆನ್ನು ನೆಟ್ಟಗೆ ಮಾಡಿ, ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ಕಣ್ಣು ಮುಚ್ಚಿದ.

ಹೊರಗೆ, ಬೀಪ್ ಕಳಿಸುವವನ ಕುರ್ಚಿ ಖಾಲಿಯಿತ್ತು. ಅದರ ಮುಂದೆ ಹಸಿರು ದೀಪ ಹತ್ತಿತು. ಆರಿತು. ಮತ್ತೆ ಹತ್ತಿತು.

ಅವಳು ಹೋದದ್ದು ಗುರುವಾರ.