ಅಜ್ಜಿಯ ಮೇಣ, ಮಾವನ ಪುಡಿ

ಜೇನುಮೇಣ ಕರಗುವಾಗ ಪಾತ್ರೆಯ ಮೇಲೆ ಹೊಗೆಯ ಒಂದು ಎಳೆ ಏಳುತ್ತಿತ್ತು. ಚಿಕ್ಕವಳಿದ್ದಾಗ ನನಗದು ಕತೆಯೊಳಗಿಂದ ಯಾರೋ ಇಳಿಬಿಟ್ಟ ನೂಲಿನಂತೆ ಕಾಣುತ್ತಿತ್ತು. ಅಜ್ಜಿ ಮೇಣಕ್ಕೆ ಕುರಿಕೊಬ್ಬು ಸೇರಿಸಿ, ಕತೆ ಹೇಳುತ್ತಲೇ ತಿರುವುತ್ತಿದ್ದಳು. ಆ ಕೆಲಸಕ್ಕೆ ಯಾವಾಗಲೂ ಒಂದೇ ಕತೆ. ಹೊಳೆ ದಾಟಿದ ರಾಜಕುಮಾರಿ ದೋಣಿಯಿಂದ ಇಳಿದಳೆಂದರೆ ಪಾತ್ರೆಯೂ ಒಲೆಯಿಂದ ಇಳಿಯಬೇಕು. ಅದಕ್ಕಿಂತ ಬೇರೆ ಗಡಿಯಾರ ಅವಳಿಗೆ ಬೇಕಿರಲಿಲ್ಲ.

ಸೀಸ ಎರೆದು ಮಾಡಿದ ಗುಂಡುಗಳ ಸೊಂಟದ ಗೀರಿಗೆ ಆ ಮೇಣ ತುಂಬಿದರೆ, ಸೀಸ ಕೋವಿಯ ನಳಿಗೆಗೆ ಅಂಟದೆ ಗುಂಡು ನೇರ ಹೋಗುತ್ತಿತ್ತು. ಕೋವಿಹಬ್ಬದಂದು ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ನಮ್ಮ ಮನೆಯವರು ಹೊಡೆಯುತ್ತಿದ್ದುದು ಅಜ್ಜಿಯ ಗುಂಡನ್ನೇ. ಮನೆಯ ಮಿಕ್ಕ ಕೆಲಸಗಳೆಲ್ಲ ಅವಳ ಕೈಬಿಟ್ಟು ಹೋದ ಮೇಲೂ ಇದೊಂದು ಉಳಿದಿತ್ತು.

ಆ ವರ್ಷ ಅವಳ ಮಗ, ನನ್ನ ಸೋದರಮಾವ ಚಿಣ್ಣಪ್ಪ, ಒಂದು ಡಬ್ಬಿ ನೀಲಿ ಪುಡಿ ತಂದ. ಗುಂಡುಗಳನ್ನು ಅದರಲ್ಲಿ ಹಾಕಿ ಕುಲುಕಿ ಓವನ್ನಿನಲ್ಲಿಟ್ಟರೆ, ಪುಡಿ ಕರಗಿ ಗಟ್ಟಿ ಹೊದಿಕೆಯಾಗುತ್ತದಂತೆ.

"ಕೈಗೆ ಜಿಡ್ಡಿಲ್ಲ, ಹೊಗೆಯೂ ಕಮ್ಮಿ ಅವ್ವ," ಎಂದ.

"ಗುಂಡಿಗೂ ಸೀರೆ ಉಡಿಸೋಕೆ ಹೊರಟೆಯೇನೋ?"

"ಹೊಡೆದು ನೋಡೋಣ. ಯಾವುದು ಗೆಲ್ಲುತ್ತೋ ಹಬ್ಬಕ್ಕೆ ಅದು."

"ಆಗಲಿ. ಸೋತರೆ ಮೂತಿ ಊದಿಸ್ಕೋಬೇಡ."

ಮರುದಿನ ಅವಳು ಮೇಣ ಕರಗಿಸಲು ಕೂತಾಗ ನಾನು ಪಕ್ಕದಲ್ಲಿದ್ದೆ. ನಾನಾಗಲೇ ದೊಡ್ಡವಳಾಗಿದ್ದೆ, ಅವಳ ಬಾಯಿಂದ ಕತೆ ಕೇಳಿ ಎಷ್ಟೋ ಕಾಲವಾಗಿತ್ತು. ರಾಜಕುಮಾರಿ ದಡ ಮುಟ್ಟಿದಳು. ಅಜ್ಜಿ ಬಟ್ಟೆ ಹಿಡಿದು ಪಾತ್ರೆಗೆ ಕೈಚಾಚಿದಳು. ನನಗೆ ಕತೆ ಮುಗಿಯುವುದು ಬೇಡವಾಗಿತ್ತು.

"ಇಳಿದ ಮೇಲೆ ಏನಾಯ್ತಜ್ಜಿ?"

ಅದನ್ನು ಯಾರೂ ಕೇಳಿರಲಿಲ್ಲವೇನೋ. ಅವಳ ಮುಖ ಅರಳಿತು, ಚಾಚಿದ ಕೈ ಹಿಂದೆ ಬಂತು. "ಇಳಿದ ಮೇಲಾ? ದಡದಲ್ಲೊಂದು ಕುರುಡು ಕುದುರೆ ನಿಂತಿತ್ತು ಕೂಸೇ..."

ಹೊಗೆಯ ಎಳೆ ದಪ್ಪಗಾಯಿತು, ಕಂದು ತಿರುಗಿತು. ನಾನದನ್ನು ಕಂಡೆ. ಕುದುರೆಯ ಬಾಲವೆಂದುಕೊಂಡೆ.

ಹಿತ್ತಲ ದಿಬ್ಬಕ್ಕೆ ಹಲಗೆ ಒರಗಿಸಿ ಮಾವ ಹೊಡೆದ. ನೀಲಿ ಗುಂಡಿನ ತೂತುಗಳು ಒಂದು ಅಂಗೈಯಲ್ಲಿ ಮುಚ್ಚುವಷ್ಟು ಒತ್ತಾಗಿ ಬಿದ್ದವು. ನಳಿಗೆ ಒರೆಸಿ ಅಜ್ಜಿಯ ಗುಂಡು ತುಂಬಿದ. ಒಂದು ಮೇಲೆ ಹೋಯಿತು, ಒಂದು ಅಂಚಿಗೆ. ಕೆಲವು ಹಲಗೆಯನ್ನೇ ಮುಟ್ಟಲಿಲ್ಲ. ನಳಿಗೆಯೊಳಗೆ ಸೀಸದ ಬೂದು ಗೆರೆಗಳು ಹತ್ತಿದ್ದವು.

ಅಜ್ಜಿ ಉಳಿದ ಗುಂಡೊಂದನ್ನು ಮೂಸಿ ನೋಡಿದಳು. "ಮೇಣ ಸುಟ್ಟಿದೆ. ವಯಸ್ಸಾಯ್ತು ನೋಡು, ಹದ ತಪ್ಪಿದೆ."

"ಇನ್ನೊಂದ್ಸಲ ಕಾಯಿಸವ್ವ."

"ಬೇಡಪ್ಪ. ನಿನ್ನ ಪುಡಿಗೆ ಯಾರ ಕೈಗುಣಾನೂ ಬೇಡ. ಅದೇ ಇರಲಿ."

"ಮಾವ, ಅದು ನಾನು ಕೇಳಿದ್ದಕ್ಕೆ..." ಎನ್ನುವಷ್ಟರಲ್ಲಿ ಅವಳ ಜಿಡ್ಡಿನ ಬೆರಳುಗಳು ನನ್ನ ಮುಂಗೈ ಒತ್ತಿದವು. ನಾನು ಸುಮ್ಮನಾದೆ. ಸುಮ್ಮನಾಗುವುದು ಎಷ್ಟು ಸುಲಭವಾಗಿತ್ತೆಂಬುದೇ ಈಗ ಹೆಚ್ಚು ಚುಚ್ಚುತ್ತದೆ.

ಹಬ್ಬದ ಹಿಂದಿನ ಸಂಜೆ ಮಾವ ಗುಂಡುಗಳ ತಟ್ಟೆಯನ್ನು ಓವನ್ನಿನೊಳಗೆ ತಳ್ಳಿ, ಅದರ ಸಮಯದ ಮುಳ್ಳು ತಿರುಗಿಸಿ, ಕೋವಿ ಒರೆಸಲು ಹೋದ. ಅಜ್ಜಿ ಅಭ್ಯಾಸಬಲದಿಂದ ಮಣೆ ಎಳೆದುಕೊಂಡು ಅದರ ಮುಂದೆ ಕೂತಳು. ನಾನೂ ಕೂತೆ.

"ಕತೆ ಹೇಳಜ್ಜಿ."

"ಯಾಕೆ ಕೂಸೇ? ಆದಾಗ ಅದೇ ಗಂಟೆ ಹೊಡೆಯುತ್ತಲ್ಲ."

ಗಾಜಿನಾಚೆ ನೀಲಿ ಗುಂಡುಗಳು ನಿಧಾನವಾಗಿ ಹೊಳಪೇರುತ್ತಿದ್ದವು. ಅವಳು ಮಡಿಲಲ್ಲಿ ಕೈಯಿಟ್ಟುಕೊಂಡು, ಪರರ ಮನೆಯಲ್ಲಿ ಕೂತವಳಂತೆ, ಗಂಟೆಗಾಗಿ ಕಾಯುತ್ತಿದ್ದಳು.