ಮಡಚದ ಮೊಣಕಾಲು

ನಮ್ಮ ಬೀದಿಯವರು ಹೋದ ಸಲದ ನೆರೆಯಲ್ಲಿ ಪೆಟ್ಟು ತಿಂದು ಬುದ್ಧಿ ಕಲಿತವರು. ಮನೆಗಳ ಗೋಡೆಗುಂಟ ಹಗ್ಗ ಬಿಗಿದಿದ್ದೆವು. ನಾನು ಹಿಟ್ಟು ನಾದುವ ಬೇಕರಿಯ ಮಹಡಿಯಲ್ಲಿ ಕುಡಿಯುವ ನೀರು, ಔಷಧಿ, ಟಾರ್ಚು ತುಂಬಿಟ್ಟಿದ್ದೆವು. ನಡೆಯಲಾಗದವರನ್ನು ಅಲ್ಲಿಗೆ ಹೊತ್ತೊಯ್ಯಲು ವೆಲ್ಡರ್ ಒಂದು ಕಬ್ಬಿಣದ ಕುರ್ಚಿ ಮಾಡಿದ್ದ. ಹಿಡಿದೆತ್ತಲು ಎರಡೂ ಪಕ್ಕಕ್ಕೆ ಉದ್ದನೆಯ ಪೈಪು, ಸೊಂಟಕ್ಕೆ ಬೆಲ್ಟು. ನಡೆಯಲಾಗದವರೆಂದರೆ ಬೀದಿಗೆಲ್ಲ ನಮ್ಮ ಅತ್ತೆ ಒಬ್ಬರೇ. ಅವರ ಬಲಗಾಲು ಎಂದೋ ಮುರಿದು, ಕೂಡಿಕೊಳ್ಳುವಾಗ ಮೊಣಕಾಲು ಮಡಚದೆ ನೆಟ್ಟಗೆ ಸೆಟೆದುಬಿಟ್ಟಿತ್ತು.

ಅಭ್ಯಾಸದ ದಿನ ಅತ್ತೆ ಕುರ್ಚಿ ಹತ್ತಲಿಲ್ಲ.

"ನಾಲ್ಕು ಜನ ಹೊರೋ ಕಾಲ ಬಂದಾಗ ಹೊರುವಿರಂತೆ. ಈಗ್ಲೇ ಏನು ಅವಸರ ನಿಮಗೆ?"

ಅವರ ಬಾಯಿಗೆ ಬೀಳುವ ಧೈರ್ಯ ಯಾರಿಗಿದೆ? ವೆಲ್ಡರ್ ಅತ್ತೆಯ ತೂಕ ಅಂದಾಜು ಮಾಡಿ, ಅಷ್ಟೇ ತೂಕದ ಮೈದಾ ಮೂಟೆಗಳನ್ನು ಕುರ್ಚಿಗೆ ಕಟ್ಟಿದ.

"ಇಷ್ಟೊಂದಾ? ಸೊಸೆ ಹೊಟ್ಟೆಗೆ ಹಾಕಲ್ಲ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದಿದ್ದೀನಿ ಕಣಪ್ಪ, ನನ್ನ ಮಾನ ತೆಗೀಬೇಡ" ಎಂದರು ಅತ್ತೆ.

ಎಲ್ಲರೂ ನಕ್ಕರು. ಮೈ ಉರಿದರೂ ನಾನೂ ನಕ್ಕೆ. ಮೂಟೆಗಳು ಸಲೀಸಾಗಿ ಮೆಟ್ಟಿಲೇರಿದವು, ಜನ ಚಪ್ಪಾಳೆ ತಟ್ಟಿದರು. ಮೂಟೆಗೆ ಕಾಲಿರುವುದಿಲ್ಲ ಎಂಬುದು ಅಷ್ಟು ಜನರಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ.

ಹೊಳೆಯ ಒಡ್ಡು ಒಡೆದದ್ದು ಒಂದು ಮಧ್ಯಾಹ್ನ. ಹಿಟ್ಟು ಮೆತ್ತಿದ ಕೈಯಲ್ಲೇ ಮನೆಗೆ ಓಡಿದೆ. ಈ ಸಲ ಅತ್ತೆ ತಕರಾರಿಲ್ಲದೆ ಕುರ್ಚಿಯಲ್ಲಿ ಕೂತರು. ಮುಂದೆ ನನ್ನ ಗಂಡ ಮತ್ತು ವೆಲ್ಡರ್, ಹಿಂದೆ ಬೇಕರಿ ಯಜಮಾನರು ಮತ್ತು ಪಕ್ಕದ ಮನೆಯ ಬಡಗಿ ಹೊತ್ತರು. ಬಟ್ಟೆಗಂಟು ಹಿಡಿದು ನಾನು ಮುಂದೆ ನಡೆದೆ. ಸೊಂಟಮಟ್ಟದ ನೀರಿನಲ್ಲಿ ಹಗ್ಗ ಹಿಡಿದು ಬೀದಿಗೆ ಬೀದಿಯೇ ಹಿಂದೆ ಬಂತು. ಎಲ್ಲ ಅಂದುಕೊಂಡ ಹಾಗೇ ನಡೆಯುತ್ತಿತ್ತು.

ಬೇಕರಿಯ ಮೆಟ್ಟಿಲ ತಿರುವಿನಲ್ಲಿ ಅತ್ತೆಯ ಕಾಲು ಗೋಡೆಗೆ ತಾಗಿತು. ಓರೆ ಮಾಡಿದರೆ ಕಂಬಿಗೆ ತಾಗಿತು. ಜಗ್ಗಾಡಿದಷ್ಟೂ ಕುರ್ಚಿ ಗೋಡೆಗೂ ಕಂಬಿಗೂ ನಡುವೆ ಸಿಕ್ಕಿಕೊಂಡಿತು. ನೆಂದ ಬೆಲ್ಟು ಬಿಗಿದುಕೊಂಡು ಬಿಚ್ಚಲು ಬರಲಿಲ್ಲ.

"ಒಂದೆರಡು ಮೆಟ್ಟಿಲು ಹಿಂದೆ ಇಳಿಸಿ" ಎಂದ ವೆಲ್ಡರ್.

"ಹಿಂದೆ ಎಲ್ಲಿದೆಯಪ್ಪ ಜಾಗ? ಕೊನೇಲಿರೋರ ಎದೆಮಟ್ಟ ಬಂದಿದೆ ನೀರು" ಎಂದರು ಯಜಮಾನರು.

ಕೆಳಗೆ ಒಂದು ಮಗು ಅಳುತ್ತಿತ್ತು. ಆ ಅಳು ಥಟ್ಟನೆ ನಿಂತಿತು. ಯಾರೋ ಎತ್ತಿ ಹಿಡಿದರೇನೋ, ಕೆಮ್ಮುತ್ತ ಮತ್ತೆ ಅತ್ತಿತು.

ಅತ್ತೆ ಮಗನ ಮುಖ ನೋಡಿದರು. "ಕಾಲು ಮಡಚು."

"ಅದು ಮಡಚಲ್ಲಮ್ಮ."

"ನನ್ನ ಕಾಲು ನನಗೆ ಗೊತ್ತಿಲ್ವೇನೋ? ಮುರಿ."

ನನ್ನ ಗಂಡ ಅವರ ಹಿಮ್ಮಡಿ ಹಿಡಿದರು. ಹಿಡಿದವರು ಅದೇ ಪಾದಕ್ಕೆ ಹಣೆ ಹಚ್ಚಿ ಅತ್ತುಬಿಟ್ಟರು. "ನನ್ನ ಕೈಲಾಗಲ್ಲ."

ಅತ್ತೆ ಅವರನ್ನು ದಾಟಿ ನನ್ನನ್ನು ನೋಡಿದರು. "ನೀನು ಬಾರೇ."

ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಷ್ಟು ವರ್ಷ ನಾನು ಮಾಡಿದ ಒಂದು ಕೆಲಸಕ್ಕೂ ಭೇಷ್ ಅನ್ನದವರು, ಈ ಕೆಲಸಕ್ಕೆ ನನ್ನನ್ನೇ ಕರೆಯಬೇಕೆ? ಬಟ್ಟೆಗಂಟನ್ನು ಅವರ ಕೈಗೆ ಕೊಟ್ಟೆ. ಅವರು ಅದರ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ತಲೆಯಾಡಿಸಿದರು. ನಾನು ಅವರ ತೊಡೆಯ ಮೇಲೆ ಮೊಣಕಾಲೂರಿ, ಹಿಮ್ಮಡಿ ಹಿಡಿದು, ಮೈಭಾರವನ್ನೆಲ್ಲ ಬಿಟ್ಟು ಒತ್ತಿದೆ. ಆಗ ಬಂದ ಸದ್ದಿನ ಬಗ್ಗೆ ನನ್ನನ್ನು ಕೇಳಬೇಡಿ.

ಕುರ್ಚಿ ತಿರುಗಿತು. ಬೀದಿಯವರೆಲ್ಲ ಮೇಲೆ ಬಂದರು, ಕೆಮ್ಮುವ ಮಗುವೂ ಬಂತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ವೆಲ್ಡರ್ ಫೋನಿನಲ್ಲಿ ದೋಣಿಗಾಗಿ ಅಂಗಲಾಚಿದ. ದೋಣಿಯವರು ನಾಳೆ ನೋಡೋಣ ಎಂದರಂತೆ. ಅತ್ತೆಯ ಮೊಣಕಾಲು ಊದಿ ಕಪ್ಪಾಯಿತು, ಪಾದ ತಣ್ಣಗಾಗುತ್ತ ಬಂತು. ನನ್ನ ಗಂಡ ಪಕ್ಕಕ್ಕೆ ಬಂದರೆ, "ನೀನು ಅತ್ತ ಕೂತ್ಕೋ ಮಗಾ, ನೀನು ಅಳೋದು ನೋಡಿದ್ರೆ ನನಗೆ ತಡ್ಕೊಳ್ಳೋಕಾಗಲ್ಲ" ಎಂದು ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನನ್ನ ಮೇಲಿನ ಸಿಟ್ಟೆಲ್ಲ ತೀರಿಸ್ಕೊಂಡ್ಯಾ?"

"ಎಲ್ಲಿ ತೀರುತ್ತೆ ಅತ್ತೆ? ಇನ್ನೂ ಬೇಕಾದಷ್ಟಿದೆ. ಮನೆಗೆ ನಡೀರಿ, ಕೂತು ಜಗಳ ಆಡೋಣ."

ಅವರ ತುಟಿ ನಗಲು ನೋಡಿತು. ನಾನು ಎರಡೂ ಕೈಯಿಂದ ಆ ಪಾದ ಉಜ್ಜುತ್ತಲೇ ಇದ್ದೆ. ಅದು ಬೆಚ್ಚಗಾಗಲಿಲ್ಲ.